ಮರಿಗಳಿಗೆ ಇಟ್ಟ ಕೆಂಡ

ಕೋಳಿಮರಿ ತರಿಸುವ ಯೋಚನೆ ನನ್ನದು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಅದು ನನ್ನ ಅತ್ತೆಯ ಹಟ ಎಂದು ಊರಲ್ಲಿ ಈಗಲೂ ಕೆಲವರು ತಿಳಿದಿದ್ದಾರೆ.

ಆ ವರ್ಷ ಬೇಸಿಗೆಯಲ್ಲಿ ಕೊಕ್ಕರೆ ರೋಗ ಬಂದು ಮನೆಯ ನಾಟಿಕೋಳಿಗಳೆಲ್ಲ ಒಂದೇ ವಾರದಲ್ಲಿ ಹೋಗಿದ್ದವು. ಅತ್ತೆ ಬೆಳಗ್ಗೆ ಎದ್ದು ರೂಢಿಯಂತೆ ಕೋಳಿಗೂಡಿನ ಬಾಗಿಲು ತೆಗೆಯುತ್ತಿದ್ದರು. ಒಳಗೆ ಏನೂ ಇಲ್ಲ ಎನ್ನುವುದು ಆಮೇಲೆ ನೆನಪಾಗುತ್ತಿತ್ತು. ಮತ್ತೆ ಹಾಕಿಕೊಂಡು ಬರುತ್ತಿದ್ದರು. ನಾಲ್ಕೈದು ದಿನ ಇದನ್ನು ನೋಡಿದ ಮೇಲೆ ನಾನು ಹಾಸನದ ಮರಿ ಏಜೆಂಟ್ ಒಬ್ಬರ ಫೋನ್ ನಂಬರ್ ಹುಡುಕಿದೆ.

"ಐವತ್ತು ಕೊಡಕ್ಕಾಗಲ್ಲ ಮೇಡಂ, ಬಾಕ್ಸ್ ಲೆಕ್ಕ. ನೂರು ತಗೊಳಿ. ಚನ್ನರಾಯಪಟ್ಟಣದ ಕಡೆಯೋರು ಒಂದೊಂದ್ಸಲಕ್ಕೆ ಸಾವಿರ ತಗೋತಾರೆ," ಎಂದರು ಅವರು. "ನೂರಕ್ಕೆ ಎರಡು ಜಾಸ್ತಿ ಹಾಕಿರ್ತೀವಿ. ಸಾಯೋದಕ್ಕೆ."

ಮಾತು ಎಷ್ಟು ಸಲೀಸಾಗಿತ್ತೆಂದರೆ ನಾನು "ಆಯ್ತು" ಎಂದೆ.

ನಮ್ಮದು ಅರಕಲಗೂಡು ತಾಲ್ಲೂಕಿನಲ್ಲಿ, ಕೊಣನೂರಿಗೆ ಹತ್ತಿರದ ಹಳ್ಳಿ. ನಾನು ಅಲ್ಲೇ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಗಂಡ ಹಾಸನದಲ್ಲಿ ಕೆಲಸ ಮಾಡುತ್ತಾರೆ, ಬೆಳಗ್ಗೆ ಹೋಗಿ ಸಂಜೆ ಬರುತ್ತಾರೆ. ಮರಿಗಳು ಬಂದದ್ದು ಮಳೆಗಾಲ ಹಿಡಿದ ಮೇಲೆ, ಬೆಳಗಿನ ಬಸ್ಸಿನಲ್ಲಿ. ಪಕ್ಕಕ್ಕೆಲ್ಲ ತೂತು ಹೊಡೆದ ರಟ್ಟಿನ ಪೆಟ್ಟಿಗೆ, ಒಳಗೆ ನಾಲ್ಕು ಖಾನೆ, ಎಲ್ಲ ತೂತಿನಿಂದಲೂ ಚಿಂವ್‌ಗುಟ್ಟುವ ಸದ್ದು. ಕೊಣನೂರಿನಲ್ಲಿ ಪೆಟ್ಟಿಗೆ ಇಳಿಸಿಕೊಡುತ್ತಾ ಕಂಡಕ್ಟರ್, "ನೂರೆರಡು ಪ್ಯಾಸೆಂಜರು, ಒಬ್ರೂ ಟಿಕೆಟ್ ತಗೊಂಡಿಲ್ಲ. ಹಾಸನದಿಂದ ಒಂದೇ ಸಮ ಜಗಳ," ಎಂದ.

ಅತ್ತೆ ಅದುವರೆಗೆ ಕಾವು ಕೂರಿಸಿ ಮರಿ ಮಾಡಿಸಿದವರು. ಹೇಂಟೆ ಇಲ್ಲದೆ ಬಂದ ಮರಿಗಳನ್ನು ಅವರು ನೋಡಿರಲಿಲ್ಲ. ಪೆಟ್ಟಿಗೆಯ ಮುಚ್ಚಳ ತೆಗೆದು ಒಳಗೆ ಬಗ್ಗಿ ನೋಡಿದರು.

"ಇವುಕ್ಕೆ ತಾಯೀನೇ ಇಲ್ವಾ?"

"ಮಿಷನ್ನಲ್ಲಿ ಮಾಡಿಸಿದ್ದು ಅತ್ತೆ."

"ಅಯ್ಯೋ, ತಬ್ಲಿಗಳು ಕಣಮ್ಮಿ," ಎಂದು ಪೆಟ್ಟಿಗೆಯನ್ನು ಎತ್ತಿಕೊಂಡು ಸೀದಾ ಒಳಗಿನ ಕೋಣೆಗೆ ಹೋದರು.

ಆ ಕೋಣೆಗೆ ನಮ್ಮ ಮನೆಯಲ್ಲಿ ಬಾಣಂತಿ ಕೋಣೆ ಎಂದೇ ಹೆಸರು. ಹೊಳೆನರಸೀಪುರಕ್ಕೆ ಕೊಟ್ಟಿರುವ ನನ್ನ ನಾದಿನಿಯ ಎರಡೂ ಬಾಣಂತನ ಅಲ್ಲೇ ಆಗಿದ್ದು. ಅತ್ತೆ ಬಾಣಂತನ ಮಾಡುವುದರಲ್ಲಿ ಊರಿಗೇ ಹೆಸರಾದವರು. ಕಿಟಕಿ ಮುಚ್ಚಬೇಕು, ಸಂದುಗಳಿಗೆ ಹಳೆ ಸೀರೆ ತುರುಕಬೇಕು, ಅಗ್ಗಿಷ್ಟಿಕೆಯಲ್ಲಿ ಇದ್ದಿಲ ಕೆಂಡ ಇಟ್ಟು ತಾಯಿ ಮಗು ಇಬ್ಬರಿಗೂ ಶಾಖ ಕೊಡಬೇಕು. ಗಾಳಿ ಸೋಕಿದರೆ ಕೆಟ್ಟಿತು. ಹಾಗೆ ಅವರು ಎಷ್ಟೋ ಹೆಂಗಸರನ್ನು ಎಬ್ಬಿಸಿ ಕೂರಿಸಿದ್ದಾರೆ. ಒಬ್ಬರಿಗೂ ಏನೂ ಆಗಿರಲಿಲ್ಲ.

ಆ ಬಾಣಂತನಗಳ ಕಾಲದಲ್ಲಿ ಕೋಣೆಗೆ ನಾಡಹೆಂಚಿನ ಮಾಡು ಇತ್ತು. ಮರಿ ತರಿಸುವುದಕ್ಕೆ ನಾಲ್ಕು ವರ್ಷ ಮೊದಲು ಹಳೇ ಮನೆ ಕೆಡವಿ ತಾರಸಿ ಹಾಕಿಸಿದೆವು. ಕೋಣೆ ಅದೇ ಜಾಗದಲ್ಲಿ, ಅದೇ ಅಳತೆಗೆ ಎದ್ದಿತು. ಹೆಸರೂ ಹಾಗೇ ಉಳಿಯಿತು.

ಮೊದಲ ಐದು ದಿನ ಎಲ್ಲ ಸುಸೂತ್ರವಾಗಿತ್ತು. ನೆಲಕ್ಕೆ ಭತ್ತದ ಹೊಟ್ಟು, ಅದರ ಮೇಲೆ ಪೇಪರ್, ಸುತ್ತ ಮೊಣಕಾಲೆತ್ತರಕ್ಕೆ ರಟ್ಟಿನ ಬೇಲಿ. ಮೊದಲ ದಿನ ಕುಡಿಯಲು ಬೆಲ್ಲದ ನೀರು. ಶಾಖಕ್ಕೆ ಬಲ್ಬು ತನ್ನಿ ಎಂದರೆ ನನ್ನ ಗಂಡ ಎರಡು ಎಲ್‌ಇಡಿ ತಂದರು. ಅತ್ತೆ ಅದರ ಕೆಳಗೆ ಅಂಗೈ ಹಿಡಿದು, "ಇದ್ರಲ್ಲಿ ಪುಸ್ತಕ ಓದ್ಬೌದು. ಮರಿ ಓದ್ತವಾ?" ಎಂದು ಕೇಳಿದರು. ಮಾರನೇ ದಿನ ಹಾಸನವೆಲ್ಲ ತಿರುಗಿ ಹಳೇ ಕಾಲದ ಗುಂಡು ಬಲ್ಬು ತಂದದ್ದಾಯಿತು. ಮರಿಗಳು ಬಲ್ಬಿನ ಕೆಳಗೆ ಗುಂಪುಗೂಡಿದರೆ ಚಳಿ, ಬೇಲಿಯ ಅಂಚಿಗೆ ಹೋಗಿ ಬಾಯಿ ತೆರೆದರೆ ಸೆಕೆ, ಅಲ್ಲಲ್ಲಿ ಚೆಲ್ಲಿಕೊಂಡು ಮಲಗಿದರೆ ಹದ. ಏಜೆಂಟ್ ಹೇಳಿದ್ದನ್ನು ನಾನು ಹೇಳಿದೆ. ಅತ್ತೆ ಅಷ್ಟರಲ್ಲಿ ತಾವೇ ಕಂಡುಕೊಂಡಿದ್ದರು. ನಾಲ್ಕು ಮರಿ ಸತ್ತವು. ಅದನ್ನೂ ನಮ್ಮಿಬ್ಬರಲ್ಲಿ ಯಾರೂ ದೊಡ್ಡದು ಮಾಡಲಿಲ್ಲ.

ಆರನೇ ದಿನ ಮಳೆಯ ರಜೆ. ಎರಡು ದಿನದಿಂದ ಬಿಡದೆ ಹೊಯ್ಯುತ್ತಿತ್ತು. ಬೆಳಗ್ಗೆ ಎಲ್ಲೋ ಲೈನಿನ ಮೇಲೆ ಮರ ಬಿದ್ದು ಕರೆಂಟು ಹೋಯಿತು. ಸಂಜೆತನಕ ಬರುವುದಿಲ್ಲ ಎಂದು ಲೈನ್‌ಮನ್ ಹೇಳಿ ಹೋದ. ಮಧ್ಯಾಹ್ನದ ಹೊತ್ತಿಗೆ ಮರಿಗಳು ಒಂದರ ಮೇಲೊಂದು ಹತ್ತಿ ಮೂಲೆಯಲ್ಲಿ ಗುಡ್ಡೆಯಾಗತೊಡಗಿದವು. ಹಾಗೆ ಗುಡ್ಡೆಯಾದರೆ ಕೆಳಗಿನವು ಉಸಿರುಕಟ್ಟಿ ಸಾಯುತ್ತವೆ.

ಅತ್ತೆ ಅಟ್ಟದಿಂದ ಅಗ್ಗಿಷ್ಟಿಕೆ ಇಳಿಸಿದರು. ಇದ್ದಿಲು ಹೊತ್ತಿಸಿ, ಹೊಗೆಯೆಲ್ಲ ಹೋಗಿ ಕೆಂಡ ಕೆಂಪಗಾಗುವವರೆಗೂ ಜಗಲಿಯಲ್ಲಿಟ್ಟು, ಆಮೇಲೆ ಒಳಗೆ ತಂದರು. ಹೊಗೆ ಮರಿಗಳಿಗೆ ಆಗುವುದಿಲ್ಲವಂತೆ. ಅವರ ಜಾಗ್ರತೆಯಲ್ಲಿ ಒಂದೂ ಕೊರತೆ ಇರಲಿಲ್ಲ. ಕಿಟಕಿ ಎಳೆದರು. ಹೊಸ ಅಲ್ಯುಮಿನಿಯಂ ಕಿಟಕಿ, ಒಂದು ಎಳೆ ಗಾಳಿಯೂ ನುಗ್ಗದು. ಅದರ ಮೇಲಿನ ಸಿಮೆಂಟ್ ಜಾಲಿಯಿಂದ ಮಾತ್ರ ಎರಚಲು ಬರುತ್ತಿತ್ತು. ಅದನ್ನು ಮುಚ್ಚಿದವಳು ನಾನು. ಸ್ಟೂಲು ಹತ್ತಿ, ಫೀಡ್ ಬಂದಿದ್ದ ಖಾಲಿ ಚೀಲ ಮಡಿಸಿ ಒತ್ತಿದೆ.

"ಆ ಮೂಲೆ ಬುಟ್ಟಿದ್ದೀಯ ನೋಡು," ಎಂದರು ಅತ್ತೆ ಕೆಳಗಿನಿಂದ.

ಆ ಮೂಲೆಯನ್ನೂ ಮುಚ್ಚಿದೆ.

ಮರಿಗಳು ಗುಡ್ಡೆಯಾಗದಂತೆ ಕೈಯಲ್ಲಿ ಚದುರಿಸುತ್ತಾ ಕೂರುತ್ತೇನೆ ಎಂದು ಅತ್ತೆ ಚಾಪೆ ಹಾಕಿಕೊಂಡು ಗೋಡೆಗೊರಗಿದರು. "ಓಗು, ನಿನ್ ಪೇಪರ್ ತಿದ್ಕೋ. ಬಾಗ್ಲು ಎಳ್ಕೊ." ನಾನು ಬಾಗಿಲು ಎಳೆದುಕೊಂಡೆ. ಕೆಳಗಿನ ಸಂದಿಗೆ ಕಾಲೊರಸುವ ಮ್ಯಾಟನ್ನು ಕಾಲಿನಿಂದಲೇ ಒತ್ತಿದೆ. ಆಗ ನನಗೆ ತೃಪ್ತಿಯಾಗಿತ್ತು. ಅದು ಚೆನ್ನಾಗಿ ನೆನಪಿದೆ.

ಮುಚ್ಚಿದ ಕೋಣೆಯಲ್ಲಿ ಇದ್ದಿಲು ಉರಿದರೆ ಏನಾಗುತ್ತದೆ ಎಂಬುದು ನಾನು ಪ್ರತಿ ವರ್ಷ ಮಾಡುವ ಪಾಠ. ಕಾರ್ಬನ್ ಮಾನಾಕ್ಸೈಡ್: ಬಣ್ಣವಿಲ್ಲ, ವಾಸನೆಯಿಲ್ಲ, ರಕ್ತದಲ್ಲಿ ಆಮ್ಲಜನಕದ ಜಾಗ ಹಿಡಿಯುತ್ತದೆ. ಬೋರ್ಡಿನ ಮೇಲೆ ಕೋಣೆಯ ಚಿತ್ರವನ್ನೂ ಬರೆಯುತ್ತೇನೆ. ಆ ಮಧ್ಯಾಹ್ನ ನಾನು ತಿದ್ದುತ್ತಿದ್ದದ್ದೂ ವಿಜ್ಞಾನದ ಪೇಪರುಗಳನ್ನೇ.

ಅಡುಗೆಮನೆಯ ಬಾಗಿಲ ಬೆಳಕಿನಲ್ಲಿ ಕೂತಿದ್ದೆ. ಮರಿಗಳ ಚೀರಾಟ ಸ್ವಲ್ಪ ಹೊತ್ತು ಜೋರಾಗಿತ್ತು, ಆಮೇಲೆ ಇಳಿಯಿತು, ಆಮೇಲೆ ನಿಂತಿತು. ಶಾಖ ಸಿಕ್ಕಿ ಮಲಗಿದವು ಎಂದುಕೊಂಡೆ. ಇನ್ನೊಂದು ಪೇಪರ್ ತೆಗೆದುಕೊಂಡೆ. ಸದ್ದು ನಿಂತ ಮೇಲೆ ಎಷ್ಟು ಪೇಪರ್ ತಿದ್ದಿದೆ ಎಂದು ಆಮೇಲೆ ಎಷ್ಟೋ ಸಲ ಲೆಕ್ಕ ಹಾಕಿದ್ದೇನೆ. ಒಮ್ಮೆ ನಾಲ್ಕು ಎನಿಸುತ್ತದೆ, ಒಮ್ಮೆ ಏಳು. ಒಂದು ಪೇಪರಿಗೆ ಮೂರು ನಿಮಿಷ.

ಫೋನ್ ಬಂತು. ಏಜೆಂಟ್.

"ಮೇಡಂ, ನಾಳೆ ಏಳ್ನೇ ದಿನ. ಕಣ್ಣಿಗೆ ಹಾಕೋ ಲಸಿಕೆ ಬಸ್ಸಲ್ಲಿ ಕಳುಸ್ತೀನಿ. ಎಷ್ಟು ಉಳಿದಿವೆ?"

"ತೊಂಬತ್ತೆಂಟು ಇರಬಹುದು."

"ಇರಬಹುದು ಬೇಡ. ಎಣಿಸಿಬಿಡಿ, ಲೈನಲ್ಲೇ ಇರ್ತೀನಿ."

ಅವರು ನಾಳೆ ಫೋನ್ ಮಾಡ್ತೀನಿ ಎಂದಿದ್ದರೆ, ಅಥವಾ ಅಂದಾಜಿಗೆ ಒಪ್ಪಿಕೊಂಡಿದ್ದರೆ, ನಾನು ಏಳುತ್ತಿರಲಿಲ್ಲ.

ಮ್ಯಾಟು ಸಿಕ್ಕಿಕೊಂಡು ಬಾಗಿಲು ಬಿಗಿಯಾಗಿತ್ತು. ಭುಜ ಕೊಟ್ಟು ತಳ್ಳಿದೆ. ಮುಖಕ್ಕೆ ಬಿಸಿ ಹೊಡೆಯಿತು. ವಾಸನೆ ಇರಲಿಲ್ಲ. ಅತ್ತೆ ಗೋಡೆಗೆ ಒರಗಿಕೊಂಡೇ ಇದ್ದರು, ತಲೆ ಒಂದು ಪಕ್ಕಕ್ಕೆ ವಾಲಿತ್ತು, ಮಡಿಲಲ್ಲಿ ಏಳೆಂಟು ಮರಿ. ಕೆನ್ನೆಯಲ್ಲಿ ಒಳ್ಳೆ ಬಣ್ಣವಿತ್ತು. ನಿದ್ದೆ ಹತ್ತಿದೆ ಎಂದುಕೊಂಡು, "ಅತ್ತೆ, ಎಷ್ಟಿವೆ?" ಎಂದು ಕೇಳಿದೆ. ಉತ್ತರ ಬರಲಿಲ್ಲ. ಮತ್ತೆ, ಸ್ವಲ್ಪ ಜೋರಾಗಿ, "ಅತ್ತೆ, ಮರಿ ಎಷ್ಟಿವೆ?" ಎಂದೆ.

ಈಗಲೂ ನನ್ನ ತಲೆಯಲ್ಲಿ ಓಡುವುದು ಆ ಎರಡು ಪ್ರಶ್ನೆ. ಅವರನ್ನು ಎಳೆದದ್ದು ಅಷ್ಟು ನೆನಪಿಲ್ಲ. ಕಂಕುಳಿಗೆ ಕೈ ಹಾಕಿದೆ. ಹೊಸ್ತಿಲ ಹತ್ತಿರ ಒಮ್ಮೆ ಕೂತುಬಿಟ್ಟೆ. ನೆಲಕ್ಕೆ ಬಿದ್ದ ಫೋನಿನಿಂದ "ಹಲೋ, ಮೇಡಂ, ಹಲೋ" ಎನ್ನುವುದು ಕೇಳುತ್ತಿತ್ತು. ಮಳೆ ಬೀಳುತ್ತಿದ್ದ ಅಂಗಳದವರೆಗೂ ಎಳೆದುಕೊಂಡು ಹೋಗಿ ಕೂಗಿದೆ.

ಪಕ್ಕದ ಮನೆಯವರು ತಮ್ಮ ಲಗೇಜ್ ಆಟೋ ತಂದರು. ಹಿಂದೆ ಟಾರ್ಪಾಲಿನ ಕೆಳಗೆ ಅತ್ತೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ದಾರಿಯಲ್ಲಿ ಅವರು ಒಮ್ಮೆ ವಾಂತಿ ಮಾಡಿಕೊಂಡರು. ಅದನ್ನು ನೋಡಿ ನನಗೆ ಸಮಾಧಾನವಾಯಿತು. ಅರಕಲಗೂಡಿನ ಆಸ್ಪತ್ರೆಯಲ್ಲಿ ಮೂಗಿಗೆ ಆಕ್ಸಿಜನ್ ಹಾಕುತ್ತಾ ಡಾಕ್ಟರು, "ಏನು ಹೊತ್ಸಿದ್ರಿ?" ಎಂದು ಕೇಳಿದರು. ಏನಾಯಿತು ಎಂದು ಕೇಳಲಿಲ್ಲ. ನಾನು ಹೇಳಿದೆ. "ಏನು ಕೆಲಸ ಮಾಡ್ತೀರಿ ನೀವು?" ಎಂದರು. ಅದಕ್ಕೂ ಹೇಳಿದೆ. ಅವರು ನನ್ನ ಮುಖ ನೋಡಿ, ಹಾಸನಕ್ಕೆ ಕರೆದುಕೊಂಡು ಹೋಗಲು ಚೀಟಿ ಬರೆದರು.

ಹಾಸನದಲ್ಲಿ ಮೂರು ದಿನ. ಎರಡನೇ ದಿನ ಅತ್ತೆಗೆ ಮಾತು ಸರಿಯಾಯಿತು. ಮೊದಲು ಕೇಳಿದ್ದು ಮರಿಗಳನ್ನು. ನನ್ನ ಗಂಡ ಸುಳ್ಳು ಹೇಳಲು ಬಾಯಿ ತೆರೆದರು. ನಾನು ಇದ್ದದ್ದು ಹೇಳಿದೆ: ಹದಿನೇಳು ಉಳಿದಿವೆ, ಪಕ್ಕದ ಮನೆಯವರ ಹತ್ತಿರ ಇವೆ.

ಮನೆಗೆ ಬಂದ ಮೇಲೆ ನೋಡಲು ಜನ ಬಂದರು. ಅತ್ತೆ ಎಲ್ಲರಿಗೂ ಒಂದೇ ಕಥೆ ಹೇಳಿದರು. ಉಂಡಿರಲಿಲ್ಲ, ತಲೆ ಸುತ್ತು ಬಂತು, ಸೊಸೆ ದೇವರ ಹಾಗೆ ಬಂದು ಎತ್ತಿಕೊಂಡಳು. ಹೆಂಗಸರು ನನ್ನ ಕಡೆ ತಿರುಗಿ ಗಲ್ಲ ಸವರಿ ನೆಟಿಗೆ ಮುರಿದರು. ನಾನು ಕಾಫಿ ಲೋಟ ತೊಳೆಯಲು ಒಳಗೆ ಹೋಗುತ್ತಿದ್ದೆ. ಹೀಗೆ ಐದಾರು ದಿನ ನಡೆಯಿತು. ಶಾಲೆಗೂ ಸುದ್ದಿ ಹೋಗಿ ಹೆಡ್‌ಮಾಸ್ಟರು ಪ್ರಾರ್ಥನೆಯ ಹೊತ್ತಿನಲ್ಲಿ ನನ್ನ ಬಗ್ಗೆ ಎರಡು ಮಾತಾಡಿದರು. ಆವತ್ತು ಸಂಜೆ ಮನೆಗೆ ಬಂದವಳು ಅತ್ತೆಗೆ ಮಾತ್ರೆ ಕೊಡುವಾಗ ಹೇಳಿಬಿಟ್ಟೆ.

"ತಲೆ ಸುತ್ತಲ್ಲ ಅತ್ತೆ. ಕೆಂಡದಿಂದ ಆಗಿದ್ದು. ಗಾಳಿ ಆಡೋ ಜಾಗ ಎಲ್ಲ ಮುಚ್ಚಿದ್ದು ನಾನು."

"ಮುಚ್ಚು ಅಂದಿದ್ದು ನಾನಲ್ವಾ."

"ನಿಮಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಮಕ್ಕಳಿಗೆ ಪಾಠ ಮಾಡ್ತೀನಿ."

ಅತ್ತೆ ಮಾತ್ರೆ ನುಂಗಿ ನೀರು ಕುಡಿದರು. "ಮತ್ತೆ ನಂಗ್ಯಾಕ್ ಮಾಡ್ನಿಲ್ಲ?" ಎಂದರು.

ನಾನು ಖಾಲಿ ಲೋಟ ತೆಗೆದುಕೊಂಡೆ. ಅವರೇ ಮುಂದುವರಿದು, "ನಮ್ ಕಾಲ್ದಲ್ಲಿ ಯಾಕ್ ಯಾರ್ಗೂ ಏನೂ ಆಗ್ನಿಲ್ಲ? ಅದುನ್ನಾರಾ ಏಳು," ಎಂದರು. ಕೆಂಡದ ವಿಷಗಾಳಿಯೆಲ್ಲ ಹೆಂಚಿನ ಸಂದಿನಲ್ಲಿ ಮೇಲೆ ಹೋಗುತ್ತಿತ್ತು, ನೀವು ಕೆಳಗೆ ಎಷ್ಟು ಮುಚ್ಚಿದರೂ ನಡೆಯುತ್ತಿತ್ತು, ತಾರಸಿಯಲ್ಲಿ ಅದಕ್ಕೆ ದಾರಿ ಇಲ್ಲ ಎಂದೆ. ಬೋರ್ಡಿನ ಮೇಲೆ ಬರೆಯುವ ಚಿತ್ರವನ್ನೇ ಮಾತ್ರೆ ಚೀಟಿಯ ಹಿಂದೆ ಬರೆದು ತೋರಿಸಿದೆ. ಅವರಿಗೆ ಓದು ಬಾರದು, ಚಿತ್ರವನ್ನು ಮಾತ್ರ ಬಹಳ ಹೊತ್ತು ನೋಡಿದರು.

ಮಾರನೇ ದಿನ ಭಾನುವಾರ. ಬೆಳಗ್ಗೆ ಜಗಲಿಯಲ್ಲಿ ಮೂವರು ಹೆಂಗಸರು ಕಾಫಿ ಕುಡಿಯುತ್ತಾ ಕೂತಿದ್ದರು. ಒಬ್ಬಳು ನನ್ನನ್ನು ಹೊಗಳಲು ಶುರುಮಾಡಿದಳು. ಅತ್ತೆ ತಡೆದರು.

"ಸುಮ್ಕಿರು. ಕಾಪಾಡಿದ್ದೂ ಇವ್ಳೇ, ಕೊಲ್ಲಕ್ ಓಗಿದ್ದೂ ಇವ್ಳೇ. ಸ್ಟೂಲ್ ಅತ್ತಿ ಚೀಲ ತುರುಕಿದ್ಲು. ಮೇಷ್ಟ್ರು ಬ್ಯಾರೆ! ನಾನೂ ಏನ್ ಕಮ್ಮಿ ಇಲ್ಲ, ಕೆಳುಗ್ ನಿಂತು ಮೂಲೆ ತೋರುಸ್ದೆ."

ಹೆಂಗಸರು ನಗಬೇಕೋ ಬೇಡವೋ ತಿಳಿಯದೆ ನನ್ನ ಕಡೆ ನೋಡಿದರು. ನಾನು ಅಲ್ಲೇ, ಕಂಬಕ್ಕೆ ಒರಗಿ ನಿಂತಿದ್ದೆ. ಒಳಗೆ ಹೋಗಲಿಲ್ಲ.

"ನಗೋದಲ್ಲ ಕಣ್ರೇ," ಎಂದು ಅತ್ತೆ ಮುಂದುವರಿಸಿದರು. "ಎಂಚಿನ ಮನೆ ಬ್ಯಾರೆ, ತಾರಸಿ ಬ್ಯಾರೆ. ಕೆಂಡದಲ್ಲಿ ಒಂದ್ ಗಾಳಿ ಐತಂತೆ, ವಾಸ್ನೆ ಬರಾಕಿಲ್ಲ, ಕಣ್ ಉರಿಯಾಕಿಲ್ಲ. ಅಂಗೇ ನಿದ್ದೆ ಬಂದಂಗಾಯ್ತದೆ. ನಂಗೆ ಬಂತು. ಸುಖವಾಗೇ ಇತ್ತು. ತಾರಸಿ ಮನೇಲಿ ಬಾಗ್ಲು ಆಕಿ ಕೆಂಡ ಇಕ್ಕಿದ್ರೆ ಎದ್ದು ಬರಾಕಿಲ್ಲ ಅಷ್ಟೇಯ."

ಮೂವರಲ್ಲಿ ಕೊನೆಗೆ ಕೂತಿದ್ದವಳು ನಮ್ಮಿಂದ ಮೂರನೇ ಮನೆಯವಳು. ಹಿಂದಿನ ವರ್ಷ ತಾರಸಿ ಹಾಕಿಸಿದ್ದರು. ಮಗಳು ಹೆತ್ತು ಹನ್ನೊಂದು ದಿನವಾಗಿತ್ತು. ಅವಳು ಲೋಟವನ್ನು ಜಗಲಿಯ ಮೇಲಿಟ್ಟಳು. ಅದು ಉರುಳಿ ಕಾಫಿ ಚೆಲ್ಲಿತು. "ನೀರು ಉಯ್ದು, ಕೆಂಡ ಇಕ್ಕಿ ಈಗ್ತಾನೆ ಮಲುಗ್ಸಿ ಬಂದೆ ಕಣಕ್ಕ," ಎಂದವಳು ಚಪ್ಪಲಿಯನ್ನೂ ಮೆಟ್ಟದೆ ಬೀದಿಗಿಳಿದಳು.

"ಕಿಟ್ಕಿ ಮೊದ್ಲು ತಗಿ! ಕೆಂಡ ಆಮ್ಯಾಕೆ!" ಎಂದು ಅತ್ತೆ ಕೂಗಿದರು.

ನಾನು ಅವಳ ಹಿಂದೆಯೇ ಓಡಿದೆ. ಅವರ ಅಂಗಳಕ್ಕೆ ಬರುವಷ್ಟರಲ್ಲಿ ಒಳಗಿನಿಂದ ಮಗು ಅಳುವುದು ಕೇಳಿಸಿತು. ಅವಳು ಅದಕ್ಕೂ ನಿಲ್ಲದೆ ಒಳಗೆ ಹೋದಳು. ನಾನು ಹೊರಗಿನಿಂದ ಸುತ್ತಿ ಬಂದು ಕಿಟಕಿ ಹುಡುಕಿದೆ. ಚಿಲಕ ಒಳಗಿನಿಂದ ಹಾಕಿತ್ತು. ಗಾಜಿನ ಮೇಲೆ ಕೈ ಬಡಿಯುತ್ತಾ ನಿಂತೆ. ಬಾಣಂತಿ ಎದ್ದು ಬಂದು, ನಿದ್ದೆಗಣ್ಣಿನಲ್ಲಿ ಬೈಯುತ್ತಾ, ಅದನ್ನು ತೆಗೆದಳು.