ಡಾಕ್ಟರ ಮುಂದೆ ನಾನು ಹೇಳಿದ ಸುಳ್ಳು

ಪವಿತ್ರಾ, ನಿನ್ನ ಮುಖ ಕೆಟ್ಟಿದ್ದು ನನ್ನಿಂದ. ನೀನು ಮೊಡವೆ ಕಿವುಚಿಕೊಂಡಿದ್ದರಿಂದಲ್ಲ, ಗಾರ್ಮೆಂಟ್ಸಿನ ಧೂಳಿನಿಂದಲೂ ಅಲ್ಲ — ನಿನ್ನ ಚಿಕ್ಕಮ್ಮನಾದ ನಾನು ಕೊಟ್ಟ ಕ್ರೀಮಿನಿಂದ. ಎರಡು ವರ್ಷದಿಂದ ಈ ಮಾತು ಬಾಯಿಗೆ ಬರುತ್ತದೆ, ನುಂಗುತ್ತೇನೆ. ಬೆಳಿಗ್ಗೆಯಿಂದ ಈ ಕಾಗದ ಬರೆಯಲು ಮೂರು ಸಲ ಕೂತು ಎದ್ದೆ, ಇದು ನಾಲ್ಕನೆಯದು.

ಆಯುರ್ವೇದ ಎಂದಿದ್ದೆನಲ್ಲ, ಸುಳ್ಳು. ಮೆಡಿಕಲ್ ಸ್ಟೋರಿನಲ್ಲಿ ಚೀಟಿಯಿಲ್ಲದೆ ಸಿಗುವ ಸ್ಟೀರಾಯ್ಡ್ ಮುಲಾಮು, ಅದಕ್ಕಿಷ್ಟು ಬೆಳ್ಳಗಾಗುವ ಕ್ರೀಮು — ಎರಡನ್ನೂ ಕಲಸಿ ಪುಟ್ಟ ಡಬ್ಬಿಗೆ ತುಂಬುತ್ತಿದ್ದೆ. ಮದ್ದೂರಿನಲ್ಲಿ ನನ್ನ ಬ್ಯೂಟಿ ಪಾರ್ಲರ್ ನಡೆಯುತ್ತಿದ್ದುದೇ ಅದರಿಂದ. ನಮ್ಮ ಮೈಬಣ್ಣಕ್ಕೆ ಮೊಡವೆ ಹೋದರೂ ಕಪ್ಪು ಕಲೆ ತಿಂಗಳುಗಟ್ಟಲೆ ಉಳಿಯುತ್ತದೆ. ಸರಿಯಾದ ಔಷಧಿ, ಬಿಸಿಲಿನಿಂದ ಮರೆ, ಸ್ವಲ್ಪ ತಾಳ್ಮೆ — ಇಷ್ಟು ಸಾಕಿತ್ತು ಎಂದು ಈಗ ಗೊತ್ತು. ನನ್ನ ಡಬ್ಬಿಗೆ ಕಲೆ ಅಳಿಸಲು ಹದಿನೈದೇ ದಿನ ಸಾಕಾಯಿತು. ಗೆಜ್ಜಲಗೆರೆಯ ಫ್ಯಾಕ್ಟರಿ ಬಸ್ಸಿನಲ್ಲಿ ಜೊತೆಯ ಹುಡುಗಿಯರೆಲ್ಲ ನಿನ್ನ ಕೆನ್ನೆಯ ಗುಟ್ಟು ಕೇಳಿದರಂತೆ. ನನಗೆ ಕೋಡು ಮೂಡಿತು. ಆಮೇಲೆ, ಎರಡು ದಿನ ಹಚ್ಚದಿದ್ದರೆ ಉರಿ, ಕೆಂಪು, ಮೊದಲಿಗಿಂತ ದಪ್ಪ ಮೊಡವೆ. ಆಗಲಾದರೂ ನಾನು... ಇಲ್ಲ, ಇನ್ನೊಂದು ಡಬ್ಬಿ ಕೊಟ್ಟೆ.

ಕೊನೆಗೆ ನಿನ್ನ ಅಮ್ಮನ — ನನ್ನ ಅಕ್ಕನ — ಕಾಟ ತಾಳಲಾರದೆ ನಿನ್ನನ್ನು ಮಂಡ್ಯದ ಚರ್ಮದ ಡಾಕ್ಟರ ಹತ್ತಿರ ನಾನೇ ಕರೆದೊಯ್ದೆ. ಆಕೆ ಕೇಳಿದರು: "ಇದಕ್ಕೆ ಮುಂಚೆ ಮುಖಕ್ಕೆ ಏನು ಹಚ್ತಿದ್ರಿ? ಸರಿಯಾಗಿ ಹೇಳಿ." ನೀನು, "ಚಿಕ್ಕಮ್ಮ ಒಂದು—" ಎಂದೆ. ನಾನು ನಡುವೆ ಬಾಯಿ ಹಾಕಿದೆ.

"ಬರೀ ಕಡ್ಲೆಇಟ್ಟು ಮೇಡಂ. ಸುಮ್ಕಿರಾಕಿಲ್ಲ ಇವ್ಳು, ಯಾವಾಗ್ಲೂ ಕಿವುಚ್ಕತಾ ಕುಂತಿರ್ತಾಳೆ."

ಪಾರ್ಲರಿನ ಹೆಸರು ಹೋದೀತೆಂಬ ಭಯ — ಅಷ್ಟೇ. ಆಕೆ ನನ್ನ ಮಾತು ನಂಬಿ ಬರೀ ಮೊಡವೆಯ ಔಷಧಿ ಬರೆದರು; ನನ್ನ ಮುಲಾಮಿನಿಂದ ತೆಳುವಾಗಿದ್ದ ನಿನ್ನ ಚರ್ಮ ಅದಕ್ಕೆ ಸುಟ್ಟಂತಾಯಿತು. ಮನೆಯಲ್ಲಿ ಬೈಗುಳವೆಲ್ಲ ನಿನಗೆ. "ಮಕ ಮುಟ್ಬ್ಯಾಡ ಅಂದ್ರೆ ಕೇಳ್ತೀಯೇನೇ ನೀನು?" ಎಂದು ಅಕ್ಕ ನಿನ್ನ ಕೈಗೆ ಹೊಡೆದಾಗ ನಾನು ಪಕ್ಕದಲ್ಲೇ ಕೂತು ಅವರೆಕಾಯಿ ಸುಲಿಯುತ್ತಿದ್ದೆ. ನೀನು ತುಟಿ ಬಿಚ್ಚಲಿಲ್ಲ. ಯಾಕೆ ಬಿಚ್ಚಲಿಲ್ಲವೇ ಪವಿತ್ರಾ? ಅಲ್ಲೇ ನನ್ನನ್ನು ಹಿಡಿದು ಕೊಟ್ಟಿದ್ದರೆ... ನೋಡು, ಈಗಲೂ ತಪ್ಪನ್ನು ನಿನ್ನ ಮೇಲೇ ಹೊರಿಸಲು ಹೊರಟಿದ್ದೇನೆ. ನೀನು ಈಗ ಮದುವೆ ಮನೆಯಲ್ಲಿ ಫೋಟೋಗೂ ನಿಲ್ಲುವುದಿಲ್ಲ. ಅದನ್ನು ನೋಡಿದಾಗಲೆಲ್ಲ ನನಗೆ ಕೂತಲ್ಲಿ ಕೂರಲಾಗುವುದಿಲ್ಲ.

ಕಲಸುವುದನ್ನು ನಿಲ್ಲಿಸಿದ್ದೇನೆ, ಅದೇನು ದೊಡ್ಡ ಮಾತಲ್ಲ. ನಿನ್ನಂತೆ ಡಬ್ಬಿ ತೆಗೆದುಕೊಂಡುಹೋದ ಹನ್ನೊಂದು ಮಂದಿ ಹುಡುಗಿಯರು ನೆನಪಿದ್ದಾರೆ — ನೆನಪಿಲ್ಲದವರು ಎಷ್ಟೋ. ಅವರ ಮನೆಗಳಿಗೂ ಹೋಗಬೇಕು. ಆ ಡಾಕ್ಟರಿಗೆ ಈ ಕಾಗದವನ್ನೇ ತೋರಿಸು, ಇನ್ನಾದರೂ ನಿನಗೆ ಸರಿಯಾದ ಔಷಧಿ ಸಿಗಲಿ. ಭಾನುವಾರ ಮೊದಲು ನಿಮ್ಮ ಮನೆಗೆ ಬರುತ್ತೇನೆ. ಅಕ್ಕ ಒಳಗೆ ಕರೆದು ಕಾಫಿ ಕೊಡುವ ಮುಂಚೆ, ಬಾಗಿಲಲ್ಲೇ ನಿಂತು ಹೇಳಿಬಿಡುತ್ತೇನೆ. ಕಾಫಿ ಕುಡಿದ ಮೇಲೆ ನಾನು ಹೇಳುವುದಿಲ್ಲ — ನನ್ನನ್ನು ನಾನು ಬಲ್ಲೆ.