ಚರಂಡಿಗೆ ಹೋದ ಫ್ರಾನ್ಸಿನ ಅತ್ತರು

ಅತ್ತಿಯ ಮೂಗಿನ ಎಡಬದಿಯಲ್ಲಿ ಮೂಗುಬೊಟ್ಟು ತೆಗೆದ ತೂತು ಹಾಗೇ ಉಳಿದಿತ್ತು. ಏನನ್ನಾದರೂ ಮೂಸುವಾಗ ಆ ತೂತು ಸಣ್ಣಗೆ ಮುಚ್ಚಿ ತೆರೆಯುತ್ತಿತ್ತು. ವಾಸನೆ ಹಿಡಿಸಿದರೆ ಒಂದು ಸಲ, ಹಿಡಿಸದಿದ್ದರೆ ಎರಡು ಸಲ. ಆದೋನಿ ಬಜಾರಿನ ಅರ್ಧ ಮಂದಿಯ ನಡಿಗೆ, ಕೆಮ್ಮು, ಸುಳ್ಳು ಹೇಳುವ ರೀತಿ ಎಲ್ಲವನ್ನೂ ಮಾಡಿ ತೋರಿಸುವ ನನಗೆ ಆ ತೂತಿನ ಆಟ ಮಾತ್ರ ಇವತ್ತಿಗೂ ಬಂದಿಲ್ಲ. ಕನ್ನಡಿ ಮುಂದೆ ನಿಂತು ಪ್ರಯತ್ನಿಸಿದ್ದೇನೆ. ನೆಗಡಿಯಾದ ಎಮ್ಮೆಯ ಹಾಗೆ ಕಂಡೆ.

ಅವರು ನನಗೆ ರಕ್ತಸಂಬಂಧದ ಅತ್ತೆಯಲ್ಲ. ಇಡೀ ಓಣಿ ಹಾಗೆ ಕರೆಯುತ್ತಿತ್ತು, ನಾನೂ ಕರೆದೆ. ಹತ್ತಿ ದಲಾಲರ ಅಂಗಡಿ ಸಾಲಿನಲ್ಲಿ ನನ್ನ ಮೊಬೈಲ್ ರಿಪೇರಿ ಅಂಗಡಿಗೆ ಅಂಟಿಕೊಂಡೇ ಅವರ ಅಂಗಡಿ. ವಿಭೂತಿ, ಊದಬತ್ತಿ, ಅತ್ತರು. ಯಜಮಾನರು ತೀರಿಕೊಂಡ ಮೇಲೆ ಅಂಗಡಿಯನ್ನು ಅತ್ತಿಯೇ ನಡೆಸಿದರು. ಆದರೆ ಅವರ ಮನೆತನದಲ್ಲಿ ಗಂಡ ಹೋದವಳು ಹೂ ಮುಡಿಯುವುದಿಲ್ಲ, ಸುಗಂಧ ಹಚ್ಚಿಕೊಳ್ಳುವುದಿಲ್ಲ. ಹೀಗಾಗಿ ಊರಿಗೆಲ್ಲ ಅತ್ತರು ಮಾರಿದ ಹೆಂಗಸಿನ ಮೈಗೆ ಒಂದು ಹನಿ ಅತ್ತರು ತಾಗಿರಲಿಲ್ಲ. ಹೊಸ ಮಾಲು ಬಂದಾಗ ಚರ್ಮದ ಮೇಲೆ ಹೇಗೆ ಕೂರುತ್ತದೆ ಎಂದು ನೋಡಲು ಅವರಿಗೆ ಇನ್ನೊಬ್ಬರ ತೋಳು ಬೇಕಿತ್ತು. ಗಿರಾಕಿಗಳಿಲ್ಲದ ನನ್ನ ತೋಳು ಸದಾ ಖಾಲಿ ಇರುತ್ತಿತ್ತು. ದಿನಕ್ಕೆ ನಾಲ್ಕೈದು ಬಗೆ ಹಚ್ಚಿಸಿಕೊಂಡು ಮನೆಗೆ ಹೋದರೆ ನಮ್ಮವ್ವ ಬಾಗಿಲಲ್ಲೇ ಮೂಸಿ, ಯಾರಾಕಿ ಎಂದು ಕೇಳುತ್ತಿದ್ದಳು. ಇವತ್ತು ಮಲ್ಲಿಗೆ, ನಿನ್ನೆ ಗುಲಾಬಿ, ಮೊನ್ನೆ ಕೇದಿಗೆ. ಕೊನೆಗೆ ಒಬ್ಬಳಲ್ಲ, ಬಹಳ ಮಂದಿ ಇದ್ದಾರೆಂದು ತೀರ್ಮಾನಿಸಿದಳು. ನಾನು ಅಲ್ಲಗಳೆಯಲಿಲ್ಲ. ಆ ವಿಷಯದಲ್ಲಿ ನನಗಿದ್ದ ಹೆಸರು ಅದೊಂದೇ.

ಮದುವೆ ಗಂಡುಗಳು ಬಂದು, ಗಮ್ಮಂತ ಬಡಿಯುವಂಥದ್ದು ಕೊಡಿ ಎಂದು ತೆಲುಗಿನಲ್ಲೋ ಕನ್ನಡದಲ್ಲೋ ಕೇಳಿದರೆ ಅತ್ತಿ ಅದೇ ಭಾಷೆಯಲ್ಲಿ, ಬಡಿಯುವುದಾದರೆ ಕೋಲು ತೆಗೆದುಕೊಂಡು ಹೋಗು, ಅತ್ತರು ಹತ್ತಿರ ಬಂದವರಿಗೆ ತಿಳಿದರೆ ಸಾಕು ಎನ್ನುತ್ತಿದ್ದರು. ಒಂದು ಅತ್ತರಿನಿಂದ ಇನ್ನೊಂದಕ್ಕೆ ಹೋಗುವ ಮುನ್ನ ಎದುರಿನ ಅಂಗಡಿಯಿಂದ ತಂದಿಟ್ಟ ಹೊಸ ಹತ್ತಿಯ ಹಿಡಿಯನ್ನು ಮೂಸುತ್ತಿದ್ದರು. ಬರೆದ ಹಲಗೆಯನ್ನು ಒರೆಸಿದಂತೆ ಮೂಗನ್ನು ಖಾಲಿ ಮಾಡಿಕೊಳ್ಳಲು.

ಕಪಾಟಿನ ಮೇಲಿನ ಹಲಗೆಯಲ್ಲಿ ಚೌಕ ಗಾಜಿನ ಒಂದು ಸೀಸೆ ಇತ್ತು. ಫ್ರಾನ್ಸಿನ ಯಾವುದೋ ಹಳೆಯ ಮನೆತನದವರು ಮಾಡಿದ್ದು. ಮುಂಬೈಯ ವ್ಯಾಪಾರಿ ಗೆಳೆಯನೊಬ್ಬ ಅತ್ತಿಯ ಯಜಮಾನರಿಗೆ ಪ್ರೀತಿಯಿಂದ ಕೊಟ್ಟಿದ್ದನಂತೆ. ಅದನ್ನು ಮೂಸಿದ ದಿನದಿಂದ ಅವರಿಗೆ ಹುಚ್ಚು ಹಿಡಿಯಿತು. ಈ ವಾಸನೆಯನ್ನು ಆದೋನಿಯಲ್ಲೇ ಮಾಡಬೇಕು. ಅವರದು ತಯಾರಾಗಿ ಬಂದ ಅತ್ತರು ಮಾರುವ ಮನೆತನ. ಬೆರೆಸುವ ವಿದ್ಯೆಯನ್ನು ಅವರಿಗೆ ಯಾರೂ ಕಲಿಸಿರಲಿಲ್ಲ. ಬೆಳಿಗ್ಗೆ ಬೆರೆಸುವರು, ಸಂಜೆ ಮೂಸುವರು, ಅದಲ್ಲ ಎಂದು ಅಂಗಡಿ ಮುಂದಿನ ಚರಂಡಿಗೆ ಸುರಿಯುವರು, ನೋಟ್‌ಬುಕ್ಕಿನಲ್ಲಿ ಕಾಟು ಹಾಕುವರು. ಹೀಗೆ ಹನ್ನೆರಡು ವರ್ಷ. ನಾನು ಹುಟ್ಟುವ ಮೊದಲೇ ಹೋಗಿಬಿಟ್ಟರು. ಬಜಾರಿನಲ್ಲಿ ಅವರು ಉಳಿದದ್ದು ಒಂದು ನಗೆಯಾಗಿ. ಯಾರು ಕೆಲಸ ಕೆಡಿಸಿದರೂ, ಅತ್ತರ ಸಾಹುಕಾರನಂತೆ ಚರಂಡಿಗೆ ಹೊಯ್ದೆ ಎನ್ನುವರು. ಎಲ್ಲರಿಗಿಂತ ಹೆಚ್ಚು ಅನ್ನುತ್ತಿದ್ದವನು ಅತ್ತಿಯ ಮೈದುನನ ಮಗನೇ. ಅತ್ತಿ ಕೇಳಿಸಿಕೊಂಡು ಊದಬತ್ತಿಯ ಕಟ್ಟು ಎಣಿಸುತ್ತ ಕೂರುತ್ತಿದ್ದರು.

ಒಂದು ಮಧ್ಯಾಹ್ನ, ಅತ್ತಿ ಊಟಕ್ಕೆ ಹೋಗಿದ್ದಾರೆಂದುಕೊಂಡು, ಚಹಾದಂಗಡಿ ಮುಂದೆ ದಲಾಲರ ಗುಂಪಿಗೆ ನಾನು ಆ ಯಜಮಾನರನ್ನು ಮಾಡಿ ತೋರಿಸಿದೆ. ನೋಡದ ಮನುಷ್ಯನನ್ನು ನಮ್ಮಪ್ಪ ಹೇಳಿದ ಕಥೆಗಳಿಂದಲೇ ಕಟ್ಟಿದ್ದೆ. ಮೂಗು ಉಬ್ಬಿಸಿ, ಕಣ್ಣು ಕೆಕ್ಕರಿಸಿ, ಲೋಟದ ಚಹಾವನ್ನು ಸಿಟ್ಟಿನಿಂದ ಚರಂಡಿಗೆ ಬೀಸಿದೆ. ಬಿದ್ದು ಬಿದ್ದು ನಕ್ಕರು. ತಿರುಗಿದರೆ ಅತ್ತಿ ತಮ್ಮ ಅಂಗಡಿಯ ಬಾಗಿಲಲ್ಲಿ ನಿಂತಿದ್ದಾರೆ. ಬೈಯಲಿಲ್ಲ. ಕೈ ಮಾಡಿ ಹತ್ತಿರ ಕರೆದರು.

“ಅವರು ಸಿಟ್ಟಿಲೆ ಚೆಲ್ಲತಿದ್ದಿಲ್ಲಪಾ. ಕುಂತು, ಆ ಚರಂಡಿ ಕಲ್ಲಿನ ಮ್ಯಾಲ ಸಾವಕಾಶ ಸುರೀತಿದ್ರು. ಕೂಸಿಗೆ ನೀರ ಹಾಕಿದಂಗ. ಮಾಡೂದಾದ್ರ ಹಂಗ ಮಾಡು.”

ಮೂರು ದಿನ ನಾನು ಯಾರನ್ನೂ ಅನುಕರಿಸಲಿಲ್ಲ. ನಮ್ಮವ್ವ ಜ್ವರ ಬಂದಿರಬೇಕೆಂದು ಹಣೆ ಮುಟ್ಟಿ ನೋಡಿದಳು.

ತಪ್ಪಾಯಿತು ಎಂದು ಹೇಳಲು ನನಗೆ ನೆಟ್ಟಗೆ ಬರುವುದಿಲ್ಲ. ಹೇಳಹೊರಟರೆ ಯಾರದೋ ದನಿಯಲ್ಲಿ ಹೊರಬರುತ್ತದೆ. ಅದಕ್ಕೇ ಆ ಸೀಸೆಯ ಚೀಟಿಯ ಫೋಟೋ ತೆಗೆದು ಮೊಬೈಲಿನಲ್ಲಿ ಹುಡುಕಿದೆ. ಆ ಮನೆತನ ಇನ್ನೂ ಇತ್ತು. ಮರಿಮಕ್ಕಳು ನಡೆಸುತ್ತಿದ್ದರು. ಈ ಸುಗಂಧವನ್ನು ಮಾತ್ರ ಮಾಡುವುದು ಬಿಟ್ಟು ಎಷ್ಟೋ ಕಾಲವಾಗಿತ್ತು. ಅವರ ಕಾರ್ಖಾನೆಯ ಒಂದು ವಿಡಿಯೋ ಸಿಕ್ಕಿತು: ಕಲ್ಲಿನ ಕಟ್ಟಡ, ಬಿಸಿಲೇರುವ ಮೊದಲು ಹೂ ಬಿಡಿಸುವ ಹೆಂಗಸರು, ತಾಮ್ರದ ಹಂಡೆಗಳು, ಬಿಳಿ ಕೋಟಿನ ಒಬ್ಬ ಮುದುಕ. ಅದನ್ನು ಅತ್ತಿಗೆ ತೋರಿಸಿದೆ. ಫ್ರೆಂಚ್ ನನಗೂ ಬಾರದು, ಅತ್ತಿಗೂ ಬಾರದು. ಆ ಮುದುಕನಿಗೆ ನಮ್ಮ ಹತ್ತಿ ದಲಾಲನ ದನಿ ಕೊಟ್ಟೆ. ಹೂವು ಹಿಡಿದು, ತೇವ ಬಾಳ ಐತ್ರಿ, ರೇಟು ಬರಂಗಿಲ್ಲ ಎಂದು ಅವನಿಂದ ಹೇಳಿಸಿದೆ. ಅತ್ತಿ ಸೆರಗಿನಿಂದ ಬಾಯಿ ಮುಚ್ಚಿ ನಗುತ್ತಿದ್ದವರು ತಟ್ಟನೆ ನನ್ನ ಕೈ ಹಿಡಿದರು.

“ಬಾಯ್ ಮುಚ್ಚು. ಹಿಂದಕ ತಗೊ ಅದನ್ನ.”

ಹಿಂದಕ್ಕೆ ತೆಗೆದೆ. ಮುದುಕ ಏಳೆಂಟು ಎಣ್ಣೆಗಳನ್ನು ಒಂದು ಭರಣಿಗೆ ಬೆರೆಸಿದ, ಮುಚ್ಚಳ ಹಾಕಿದ, ಬಟ್ಟೆ ಕಟ್ಟಿದ, ಚೀಟಿಯ ಮೇಲೆ ತಾರೀಖು ಬರೆದ, ಹೊರಟುಹೋದ. ಅತ್ತಿ ಅದನ್ನು ಐದು ಸಲ ನೋಡಿದರು.

“ಮೂಸಲೇ ಇಲ್ಲಲ್ಲೋ ಇಂವ.”

ಮುಂದೆ ಸಾಲುಸಾಲು ಭರಣಿಗಳು ಕಂಡವು. ಚೀಟಿಗಳಲ್ಲಿ ಅಂಕಿಯಲ್ಲಿ ಬರೆದಿದ್ದ ತಾರೀಖುಗಳನ್ನು ಓದಿ ಹೇಳಿದೆ. ಮೂರು ನಾಲ್ಕು ತಿಂಗಳಿಂದ ಮುಚ್ಚಿಟ್ಟವುಗಳನ್ನು ಆಗ ತೆರೆದು ಮೂಸುತ್ತಿದ್ದರು. ಅತ್ತಿ ಅಂಗಡಿ ಮುಂದಿನ ಚರಂಡಿಯ ಕಲ್ಲಿನ ಕಡೆ ನೋಡಿದರು. ಆಮೇಲೆ ಮೊಬೈಲನ್ನು ನನ್ನ ಕೈಗಿಟ್ಟು ಅಂದರು: “ಹಂಗಾರ ನಮ್ಮೋರು ಅವತ್ತ ಸಂಜೀಕ ಮೂಸಿ ಸುರಿದದ್ರಾಗ ಸರೀ ಇದ್ದದ್ದೂ ಒಂದು ಇದ್ದಿರಬೇಕು.”

ಮರುದಿನ ಬೆಳಿಗ್ಗೆ ಯಜಮಾನರ ನೋಟ್‌ಬುಕ್ಕು ಹಿಡಿದು ಬಂದರು. ಇರುಳೆಲ್ಲ ನೆನಪಿನಲ್ಲಿ ತಡಕಾಡಿ ಒಂದನ್ನು ಹಿಡಿದಿದ್ದರು. ಯಜಮಾನರು ಹಾಸಿಗೆ ಹಿಡಿದ ಬೇಸಿಗೆ, ಬೆರೆಸುವುದು ನಿಂತು ಎರಡು ತಿಂಗಳಾದ ಮೇಲೆ, ಓಣಿಯ ಕಸ ಗುಡಿಸುವವಳು ಬಂದು ಕೇಳಿದ್ದಳಂತೆ: ಅವ್ವಾರ, ಈ ಕಲ್ಲಿಗೆ ಏನು ಹಾಕೀರಿ, ಹಿಂಗ ಘಮ್ ಅಂತೈತಿ, ಇಲ್ಲಿ ಪೊರಕಿ ಆಡ್ಸಾಕ ಮನಸ ಬರವಲ್ದು. ಕಾಯಿಲೆಯ ಮನೆಯ ಗದ್ದಲದಲ್ಲಿ ಯಾರೂ ಅದನ್ನು ತಲೆಗೆ ಹಾಕಿಕೊಂಡಿರಲಿಲ್ಲ. ಆ ಕಲ್ಲಿನ ಮೇಲೆ ಕೊನೆಗೆ ಸುರಿದದ್ದು ಯಾವುದೋ ಅದೇ ನೋಟ್‌ಬುಕ್ಕಿನ ಕೊನೆಯ ಪುಟ. ಅದಕ್ಕೂ ಕಾಟು ಬಿದ್ದಿತ್ತು.

ಆ ಪುಟದಲ್ಲಿದ್ದಂತೆಯೇ ಬೆರೆಸಿದರು. ಗಂಧದ ಎಣ್ಣೆ, ನಾಗಲದಿನ್ನೆಯ ಹೊಳೆದಂಡೆಯ ಲಾವಂಚ, ದುಂಡುಮಲ್ಲಿಗೆ, ಇನ್ನೂ ಏನೇನೋ. ಭರಣಿಯ ಬಾಯಿಗೆ ಹತ್ತಿ ತುರುಕಿ, ಬಟ್ಟೆ ಕಟ್ಟಿ, ಜೋಳದ ಕಣಜದೊಳಗೆ ಹೂತಿಟ್ಟರು. ಫ್ರಾನ್ಸಿನ ಸೀಸೆಯಲ್ಲಿ ಉಳಿದದ್ದು ಒಂದೇ ಹನಿ. ಹೋಲಿಸುವುದು ಒಂದೇ ಸಲ ಸಾಧ್ಯ. ಸರಿ ಬಂದರೆ ಯಜಮಾನರ ಹೆಸರು ಚರಂಡಿಯಿಂದ ಮೇಲೆ ಬರುತ್ತದೆ. ಬರದಿದ್ದರೆ ಬಜಾರು ಹೇಳಿದ್ದೇ ನಿಜ. ವಾರಕ್ಕೊಮ್ಮೆ ನಾನು, ಸ್ವಲ್ಪ ಬಿಚ್ಚಿ ನೋಡೋಣ ಎನ್ನುತ್ತಿದ್ದೆ. ಅತ್ತಿ ನನ್ನ ಕಡೆ ನೋಡುತ್ತಲೂ ಇರಲಿಲ್ಲ.

ಮೂರು ತಿಂಗಳ ಮೇಲೆ ಒಂದು ಬೆಳಿಗ್ಗೆ ನನ್ನನ್ನು ಫ್ಯಾನಿನ ಕೆಳಗೆ ಕೂರಿಸಿ ಎಡತೋಳಿಗೆ ಫ್ರಾನ್ಸು, ಬಲತೋಳಿಗೆ ಆದೋನಿ ಹಚ್ಚಿದರು. ಸಂಜೆಯವರೆಗೆ ಬೆವರುವಂತಿಲ್ಲ, ಕೈ ಆಡಿಸುವಂತಿಲ್ಲ, ಮಾತಾಡುವಂತಿಲ್ಲ. ಸುದ್ದಿ ತಿಳಿದು ದಲಾಲರೆಲ್ಲ ಬಂದು ಒಬ್ಬೊಬ್ಬರೇ ನನ್ನನ್ನು ಅನುಕರಿಸಿ ಹೋದರು. ಇಷ್ಟು ವರ್ಷದ ಬಾಕಿಯನ್ನೆಲ್ಲ ಒಂದೇ ದಿನ ತೀರಿಸಿಕೊಂಡರು. ಅತ್ತಿ ತಾಸಿಗೊಮ್ಮೆ ಬಂದು ಎಡ ಮೂಸಿ, ಹತ್ತಿ ಮೂಸಿ, ಬಲ ಮೂಸುತ್ತಿದ್ದರು. ಮಧ್ಯಾಹ್ನ ಬಲತೋಳಿನ ಮೇಲೆ ಮೂಗಿನ ತೂತು ಎರಡು ಸಲ ಆಡಿತು. ಸಂಜೆಗೆ ಇನ್ನೆಷ್ಟು ತಾಸು ಉಳಿದಿದೆ ಎಂದು ನಾನು ಎಣಿಸಿದೆ. ಹೊತ್ತು ಇಳಿದ ಮೇಲೆ ಕೊನೆಯ ಸಲ ಬಂದರು. ಎಡಕ್ಕೆ ಒಂದು ಸಲ. ಬಲಕ್ಕೂ ಒಂದೇ ಸಲ. ನನ್ನ ತೋಳು ಹಿಡಿದುಕೊಂಡೇ ನಿಂತರು.

“ಅದ ಅಲ್ಲ,” ಅಂದರು. “ಆದ್ರ ನಮ್ಮೋರು ಅದರ ಬಾಜೂಕ ಹೋಗಿ ನಿಂತಾರ ನೋಡು.”

ಮೈದುನನ ಮಗನನ್ನು ಕರೆಸಿದರು. ಇದರಲ್ಲಿ ಫಾರಿನ್ನಿನದು ಯಾವುದು ಹೇಳು ಎಂದರು. ಅವನು ಎರಡೂ ತೋಳುಗಳನ್ನು ಗತ್ತಿನಿಂದ ಮೂಸಿ ಬಲತೋಳನ್ನು ಎತ್ತಿ ಹಿಡಿದ. “ಇದರೀ. ಕೇಳಬೇಕೇನು, ಫಾರಿನ್ ಅಂದ್ರ ಫಾರಿನ್ನ.”

“ಅದು ನಿಮ್ಮ ದೊಡ್ಡಪ್ಪ ಮಾಡಿದ್ದಪಾ.”

ಅವನು ಇನ್ನೊಮ್ಮೆ ಮೂಸಿದ. ನನ್ನ ತೋಳನ್ನು ಮೆಲ್ಲಗೆ ಕೆಳಗಿಟ್ಟು, ಚಪ್ಪಲಿ ಮೆಟ್ಟಿಕೊಂಡು ಹೋದ. ಆಮೇಲೆ ಅವನ ಬಾಯಲ್ಲಿ ಆ ಚರಂಡಿಯ ಮಾತು ಬರಲಿಲ್ಲ. ಅತ್ತಿ ಬಾಗಿಲ ಕಡೆ ಬೆನ್ನು ಮಾಡಿ ಹತ್ತಿಯ ತುದಿಯನ್ನು ಭರಣಿಗೆ ಅದ್ದಿದರು, ಕಿವಿಯ ಹಿಂದೆ ಒತ್ತಿಕೊಂಡರು, ಸೆರಗು ಎಳೆದುಕೊಂಡರು. ನನಗೆ ಏಳಲು ಬಿಡುಗಡೆ ಸಿಕ್ಕಿತ್ತು. ಎದ್ದು ಬಾಗಿಲಿಗೆ ಅಡ್ಡವಾಗಿ ನಿಂತೆ. ಅಂದಿನಿಂದ ಅತ್ತಿ ಪ್ರತಿದಿನ ಹಚ್ಚಿಕೊಳ್ಳುತ್ತಿದ್ದರು. ಹತ್ತಿರ ಹೋದವರಿಗೆ ಮಾತ್ರ ತಿಳಿಯುವಷ್ಟು.

ಈಗ ನಾನು ಯಾರನ್ನೂ ಕಂಡ ದಿನವೇ ಅನುಕರಿಸುವುದಿಲ್ಲ. ಕೆಲವು ದಿನ ಮುಚ್ಚಿಟ್ಟು ನೋಡುತ್ತೇನೆ. ಕೆಲವರು ಆಗ ಮೊದಲಿನಷ್ಟು ನಗೆ ತರಿಸುವುದಿಲ್ಲ. ನನ್ನ ಅನುಕರಣೆಯ ಕಸುಬಿಗೆ ಅದರಿಂದ ನಷ್ಟವೇ. ಆದರೂ ಬಿಟ್ಟಿಲ್ಲ.

ಹೋದ ಚಳಿಗಾಲದ ಒಂದು ಮುಂಜಾನೆ ಅತ್ತಿ ಏಳಲಿಲ್ಲ. ನಂದವರದಿಂದ ಅವರ ತಂಗಿ ಬಂದರು. ಮುಖ ಒರೆಸಲು ಬಗ್ಗಿದವರು ತಡೆದು ನಿಂತು, ಒದ್ದೆ ಬಟ್ಟೆ ಹಿಡಿದೇ ಹೊಸ್ತಿಲಿಗೆ ಬಂದರು. ಅಕ್ಕನಿಗೆ ಈ ವಾಸನೆ ಯಾರು ಹಚ್ಚಿದ್ದು ಎಂದು ಕೇಳಿದರು. ಅಂಗಳದಲ್ಲಿದ್ದ ಹೆಂಗಸರು ತಲೆ ತಗ್ಗಿಸಿದರು. ಕೆಲವರು ನನ್ನ ಕಡೆ ನೋಡಿದರು. ಯಾರದಾದರೂ ದನಿಯ ಹಿಂದೆ ಅಡಗಿಕೊಳ್ಳಲು ಹುಡುಕಿದೆ, ಒಂದೂ ಸಿಗಲಿಲ್ಲ. ನನ್ನದೇ ದನಿಯಲ್ಲಿ ಹೇಳಿದೆ:

“ಅವರ ಮನಿಯವರು ಮಾಡಿಕೊಟ್ಟದ್ದು, ಚಿಗವ್ವಾ. ತಡಾ ಆತು, ಅಷ್ಟ.”

ಆಕೆ ನನ್ನನ್ನು ನೋಡಿದರು. ಒಳಗೆ ಹೋಗಿ ಅಕ್ಕನ ಪಕ್ಕ ಕುಳಿತು ಹಣೆ ಒರೆಸಿದರು, ಕೆನ್ನೆ ಒರೆಸಿದರು, ಕೊರಳು ಒರೆಸಿದರು. ಕಿವಿಯ ಹಿಂದೆ ಮಾತ್ರ ಬಟ್ಟೆ ಒಯ್ಯಲಿಲ್ಲ.