ಹಿಂದಿನ ಬೆಂಚಿನ ದೋನ್ಯಾ ಎಡಿಲ್ಮಾ
ಕೊಲಂಬಿಯಾದ ಕಾಫಿ ಬೆಟ್ಟದ ಶಾಲೆಗೆ ಕೋಳಿಬುಟ್ಟಿಗಳ ನಡುವೆ ಜೀಪಿನಲ್ಲಿ ಬಂದಿಳಿಯುತ್ತಿದ್ದ ಶಿಕ್ಷಣ ಸಂಶೋಧಕಿ, ಎಲ್ಲರೂ ಗೌರವದಿಂದ 'ದೋನ್ಯಾ' ಎನ್ನುತ್ತಿದ್ದ ಎಡಿಲ್ಮಾ, ನೇರವಾಗಿ ಹಿಂದಿನ ಬೆಂಚಿಗೆ ಹೋಗಿ, ಎಂದೂ ಬಾಯಿಬಿಡದ ಹುಡುಗಿ ಯುಲಿಸಾಳ ಪಕ್ಕದಲ್ಲಿ, ಮೊಣಕಾಲು ಗಲ್ಲಕ್ಕೆ ತಾಗುವಂತೆ ಮುದುರಿ ಕೂರುತ್ತಿದ್ದರು. ಮೇಷ್ಟ್ರು ಒವಿಡಿಯೊ ಪ್ರಶ್ನೆ ಕೇಳಿದ ಮೇಲೆ ಎಷ್ಟು ಸೆಕೆಂಡು ಸುಮ್ಮನಿರುತ್ತಾರೆಂದು ಗಡಿಯಾರ ನೋಡಿ ಬರೆದುಕೊಳ್ಳುತ್ತಿದ್ದರು, ಇಡೀ ದೇಶದ ಪಠ್ಯಕ್ರಮ ಆ ಮೌನದ ಮೇಲೇ ನಿಂತಿದೆ ಎಂಬಂತೆ. "ಮೂರೇ ಸೆಕೆಂಡಾ ಮೇಷ್ಟ್ರೇ? ಅಷ್ಟರಲ್ಲಿ ಸೀನೂ ಬರಲ್ಲ, ಮಗೂಗೆ ಉತ್ತರ ಎಲ್ಲಿಂದ ಬರ್ಬೇಕು?" "ನೀವೇ ಒಂದಿನ ಪಾಠ ಮಾಡಿ ನೋಡಿ, ದೋನ್ಯಾ." "ಅಯ್ಯೋ, ನಂಗೆ ಅರೆಗಳಿಗೆ ಬಾಯಿ ಮುಚ್ಕೊಂಡಿರಕ್ಕಾಗಲ್ಲಪ್ಪ!" ಎಂದು ನಗುತ್ತಾ, ಆರಿಹೋದ ಕಾಫಿಯನ್ನು ಅಮೃತವೆಂಬಂತೆ ಕುಡಿಯುತ್ತಿದ್ದರು. ತನ್ನನ್ನೇ ಪರೀಕ್ಷಿಸುತ್ತಿದ್ದಾರೆಂದು ಒವಿಡಿಯೊ ಎಷ್ಟೋ ಸಲ ರೇಗಿದ್ದರು. ಎಡಿಲ್ಮಾ ತೀರಿಕೊಂಡ ಮೇಲೆ ಅವರ ತಂಗಿ ಮೇಷ್ಟ್ರಿಗೆ ಕಳಿಸಿಕೊಟ್ಟ ನೋಟ್‌ಬುಕ್ಕಿನಲ್ಲಿ ಮಾತ್ರ ಪ್ರತಿ ಸೆಕೆಂಡಿನ ಎದುರಿಗೂ ಮೇಷ್ಟ್ರ ಹೆಸರಿರಲಿಲ್ಲ, ಯುಲಿಸಾಳದ್ದಿತ್ತು: "ಎರಡು — ತಲೆಯೆತ್ತಿದಳು. ಮೂರು — ತುಟಿ ಬಿಚ್ಚಿದಳು, ಅಷ್ಟರಲ್ಲಿ ಮೇಷ್ಟ್ರು ಇನ್ನೊಬ್ಬರನ್ನು ಕೇಳಿಬಿಟ್ಟರು. ಇನ್ನೆರಡೇ ಸೆಕೆಂಡು ಸಾಕು." ಮರುದಿನ ಒವಿಡಿಯೊ, ಬೆಳಗಿನ ಮಂಜು ಎಲ್ಲಿಗೆ ಹೋಗುತ್ತದೆಂದು ತರಗತಿಗೆ ಕೇಳಿ, ಹಿಂದಿನ ಬೆಂಚಿನ ಖಾಲಿ ಜಾಗವನ್ನೇ ನೋಡುತ್ತಾ ಮನಸ್ಸಿನಲ್ಲಿ ಎಣಿಸಿದರು; ಎಣಿಕೆ ನಾಲ್ಕು ದಾಟಿ ಐದಕ್ಕೆ ಬಂದಾಗ ಆ ಜಾಗದ ಪಕ್ಕದಿಂದ ಸಣ್ಣ ದನಿಯೊಂದು ಬಂತು: "ಮೇಷ್ಟ್ರೇ, ನಾನು ಹೇಳ್ಲಾ?"